ಇಂಡಿಯಲ್ಲಿ ನಾನು ಜೇಕು ಸಾಕಿದ್ದು

"ಯಾಕ ಬಂದೀರಿ?"

ಇಂಡಿಗೆ ಬಂದಿಳಿದ ದಿನ ನನ್ನನ್ನು ಮೊದಲು ಮಾತಾಡಿಸಿದವರು ಕೇಳಿದ್ದು ಇಷ್ಟೇ. ಟೆಂಪೋದಿಂದ ಸಾಮಾನು ಇಳಿಸುತ್ತಿದ್ದೆವು. ಬಿಸಿಲಿಗೆ ಕಣ್ಣು ಬಿಡಲು ಆಗುತ್ತಿರಲಿಲ್ಲ. ಗೇಟಿನಲ್ಲಿ ಒಬ್ಬ ದಪ್ಪನೆಯ ಹೆಂಗಸು ತಲೆಯ ಮೇಲೆ ಸೆರಗು ಹೊದ್ದು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ನಮ್ಮ ಚನ್ನರಾಯಪಟ್ಟಣದ ಕಡೆ ಜಗಳಕ್ಕೆ ಬಂದವರನ್ನೂ "ಬನ್ನಿ, ಕೂತ್ಕೊಳ್ಳಿ" ಅಂತಲೇ ಶುರು ಮಾಡುವುದು. ಇಲ್ಲಿ ನೋಡಿದರೆ ಕಾಲಿಡುವ ಮೊದಲೇ ಯಾಕೆ ಬಂದಿರಿ ಅಂತ ಕೇಳುತ್ತಾರೆ. ನಾನು ನನ್ನ ಯಜಮಾನರ ಮುಖ ನೋಡಿದೆ. ಅವರು ಮೆತ್ತಗೆ, "ಬಸ್ ಸ್ಟ್ಯಾಂಡ್ ಹತ್ರ ಬೇಕರಿ ಹಾಕೋಕೆ ಬಂದ್ವಿ" ಅಂದರು. "ಅಡ್ಡಿಯಿಲ್ಲ" ಎಂದ ಆ ಹೆಂಗಸು ನನ್ನ ಕೈಯಲ್ಲಿದ್ದ ರಾಗಿ ಹಿಟ್ಟಿನ ಡಬ್ಬ ಕಿತ್ತುಕೊಂಡು ಒಳಗೆ ನಡೆದೇಬಿಟ್ಟರು. ಅವರೇ ಖಾಜಾಬಿ ಚಾಚಿ, ನಮ್ಮ ಬಾಡಿಗೆ ಮನೆಯ ಒಡತಿ.

ಆ "ಯಾಕ ಬಂದೀರಿ"ಗೆ ಇಲ್ಲಿ ನಮ್ಮ "ಏನ್ ಸಮಾಚಾರ" ಎಂಬಷ್ಟೇ ಅರ್ಥ ಎಂದು ತಿಳಿಯಲು ನನಗೆ ತಿಂಗಳು ಹಿಡಿಯಿತು. "ಅಡ್ಡಿಯಿಲ್ಲ" ಎನ್ನುವುದು ಇಲ್ಲಿಯವರ ಬಾಯಿಂದ ಬರುವ ದೊಡ್ಡ ಹೊಗಳಿಕೆ ಎಂದು ತಿಳಿಯಲು ಇನ್ನೂ ಹೆಚ್ಚು ಹಿಡಿಯಿತು. ನಾನು ಪ್ರಾಣ ಬಿಟ್ಟು ಮಾಡಿದ ದಿಲ್‌ಪಸಂದ್ ತಿಂದವರು "ಅಡ್ಡಿಯಿಲ್ಲ" ಅಂದಾಗಲೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಅದೇ ಜನ ಮಾರನೆಯ ದಿನ ಬಂದು ಮನೆಮಂದಿಗೆಲ್ಲ ಕಟ್ಟಿಸಿಕೊಂಡು ಹೋಗುವುದನ್ನು ನೋಡಿದ ಮೇಲೆ ಸುಮ್ಮನಾದೆ.

ಬೇಕರಿ ಹಾಕಿಕೊಂಡು ದೂರ ಹೋಗುವುದು ನಮ್ಮ ಕಡೆಯವರಿಗೆ ಹೊಸದಲ್ಲ, ನಿಮಗೇ ಗೊತ್ತು. ಯಾವ ಊರಿನ ಬಸ್ ಸ್ಟ್ಯಾಂಡಿನ ಎದುರು ನಿಂತು ನೋಡಿದರೂ ನಮ್ಮವನೊಬ್ಬ ಬನ್ನು ಜೋಡಿಸಿಕೊಂಡು ಕೂತಿರುತ್ತಾನೆ. ಆದರೆ ಊರಿಗೆ ಬಂದಾಗ ಅವರು ವ್ಯಾಪಾರದ ಮಾತು ಆಡುತ್ತಾರೆಯೇ ಹೊರತು ಸಂಜೆ ಹೊತ್ತು ಹೇಗೆ ಕಳೆಯುತ್ತದೆ ಎಂದು ಯಾರೂ ಹೇಳುವುದಿಲ್ಲ. ಅದಕ್ಕೇ ಊರಿನವರಾದ ನಿಮಗೆ ನಾನು ಬರೆಯುತ್ತಿದ್ದೇನೆ.

ಮೊದಲು ತಿನ್ನುವ ವಿಷಯ. ನಮ್ಮಲ್ಲಿ ಖಾರ ಬನ್ನು, ಆಲೂ ಬನ್ನು ಹೋದಷ್ಟು ಇಲ್ಲಿ ಟೋಸ್ಟು, ಖಾರಿ ಹೋಗುತ್ತವೆ. ಖಾರಿ ಎಂದರೆ ಖಾರದ್ದಲ್ಲ, ಪದರ ಪದರವಾದ ಉಪ್ಪು ಬಿಸ್ಕತ್ತು. ಅದನ್ನು ಚಹಾದಲ್ಲಿ ಅದ್ದಿ ತಿನ್ನುತ್ತಾರೆ. ಸಂಜೆ ಎಲ್ಲ ಮನೆಗಳಿಂದ ರೊಟ್ಟಿ ಬಡಿಯುವ ಸದ್ದು ಬರುತ್ತದೆ. ಮುದ್ದೆ ಎಂದರೆ ನಗುತ್ತಾರೆ. "ಅಗೀದ ನುಂಗತೀರಂತಲ್ಲ, ಹೊಟ್ಟ್ಯಾಗ ಕಲ್ಲ ಕುಂತಂಗ ಆಗೂದಿಲ್ಲೇನು?" ಎಂದು ಚಾಚಿ ನನ್ನನ್ನು ಎಷ್ಟು ಸಲ ಕೇಳಿದ್ದಾರೋ. ಇನ್ನು ನಿಂಬೆಹಣ್ಣು. ನಮ್ಮ ಕಡೆ ಬಂದವರ ಕೈಗೆ ತೆಂಗಿನಕಾಯಿ ಕೊಟ್ಟು ಕಳಿಸುವ ಹಾಗೆ ಇಲ್ಲಿ ನಿಂಬೆಹಣ್ಣು ಕೊಡುತ್ತಾರೆ. ಬ್ರೆಡ್ಡಿಗೆ ಬಂದವರು ಚೀಲದಿಂದ ಹಿಡಿ ನಿಂಬೆ ತೆಗೆದು ಗಾಜಿನ ಮೇಲಿಟ್ಟು ಹೋಗುತ್ತಾರೆ. ನನ್ನ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಜಾಡಿ ಇಡಲು ಜಾಗವಿಲ್ಲದ ಹಾಗಾಯಿತು.

ಮಾತು ಬಂತು, ರುಚಿ ಹತ್ತಿತು. ಮಧ್ಯಾಹ್ನ ಮಾತ್ರ ತಡೆಯಲು ಆಗುತ್ತಿರಲಿಲ್ಲ. ಬೇಸಿಗೆಯಲ್ಲಿ ಊಟದ ಹೊತ್ತಿಗೆ ಬೇಕರಿ ಬಾಗಿಲು ಎಳೆದುಕೊಂಡು ಮನೆಗೆ ಬಂದರೆ ಬೀದಿಯಲ್ಲಿ ಒಂದು ನಾಯಿಯೂ ಇರುವುದಿಲ್ಲ. ಯಜಮಾನರು ಮಲಗಿಬಿಡುತ್ತಿದ್ದರು. ನನಗೆ ನಿದ್ದೆ ಬರುತ್ತಿರಲಿಲ್ಲ. ಹಿತ್ತಿಲ ಬಾಗಿಲಲ್ಲಿ ಕೂತು ಎತ್ತರದ ಗೋಡೆ, ಬಾಯಿಬಿಟ್ಟ ಎರೆಮಣ್ಣು, ಒಂದು ಕರಿಬೇವು, ಒಂದು ಗುಲಾಬಿ ನೋಡುತ್ತಿದ್ದೆ. ಬಚ್ಚಲ ನೀರು ಹರಿದು ನಿಲ್ಲುವ ಒಂದು ಗುಂಡಿ ಮಾತ್ರ ತಂಪಾಗಿತ್ತು. ಊರು ನೆನಪಾಗಿ ಅಳುತ್ತಿದ್ದೆ. ಇದರಲ್ಲಿ ಮುಚ್ಚಿಡುವುದೇನಿದೆ, ಅಳುತ್ತಿದ್ದೆ.

ನಮ್ಮ ಮನೆಯ ಹಿಂದಿನ ಕೆರೆ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ. ಅದರ ತೂಬಿನ ಹತ್ತಿರ ಆಳೆತ್ತರದ ಒಂದು ಜೊಂಡು ಬೆಳೆಯುತ್ತಿತ್ತು. ಉದ್ದನೆಯ ನುಣುಪು ದಂಟು, ತುದಿಯಲ್ಲಿ ಎಲೆಗಳೆಲ್ಲ ಸುತ್ತಲೂ ಬಿಚ್ಚಿಕೊಂಡು ಕೊಡೆಯ ಹಾಗೆ ಇರುತ್ತಿದ್ದವು. ನಮ್ಮವ್ವ ಅದನ್ನು ಕೊಡೆ ಜೊಂಡು ಅನ್ನುತ್ತಿದ್ದಳು. ನಾವು ಮಕ್ಕಳು ಅದನ್ನು ಮುರಿದು ತಲೆಯ ಮೇಲೆ ಹಿಡಿದುಕೊಂಡು ಓಡಾಡುತ್ತಿದ್ದೆವು. ಬಚ್ಚಲ ಗುಂಡಿ ನೋಡುತ್ತ ಕೂತವಳಿಗೆ ಒಂದು ಮಧ್ಯಾಹ್ನ ಅದು ನೆನಪಾಯಿತು. ನೀರಂತೂ ನಿಲ್ಲುತ್ತದೆ, ಇಲ್ಲಿ ಯಾಕೆ ಬೆಳೆಯಬಾರದು ಅನ್ನಿಸಿತು.

ಮುಂದಿನ ಸಲ ಊರಿಗೆ ಹೋದಾಗ ಒಂದು ಹಿಡಿ ಬುಡ ಕಿತ್ತು, ಖಾಲಿ ಬಿಸ್ಕತ್ತಿನ ಡಬ್ಬಿಯಲ್ಲಿ ಕೆಸರಿನ ಸಮೇತ ತುಂಬಿ, ರೈಲಿನಲ್ಲಿ ಕಾಲ ಬಳಿ ಇಟ್ಟುಕೊಂಡು ಬಂದೆ. ಈ ಗಿಡದ ಸ್ವಭಾವವೇ ವಿಚಿತ್ರ. ಕಾಲು ಸದಾ ನೀರಿನಲ್ಲಿರಬೇಕು, ತಲೆಗೆ ಎಷ್ಟು ಬಿಸಿಲಾದರೂ ಸೈ. ಬೀಜ ಬೇಡ. ತುದಿಯ ಕೊಡೆಯನ್ನು ಗೇಣುದ್ದ ದಂಟಿನ ಸಮೇತ ಕತ್ತರಿಸಿ ತಲೆಕೆಳಗಾಗಿ ನೀರಿನಲ್ಲಿ ಇಟ್ಟರೆ ಎಲೆಗಳ ಸಂದಿಯಿಂದ ಬಿಳಿ ಬೇರು ಬರುತ್ತದೆ, ಹೊಸ ಮೊಳಕೆ ಏಳುತ್ತದೆ. ಹಾಗೆ ಮಾಡಿ ಮಾಡಿ ಎರಡು ವರ್ಷಕ್ಕೆ ಗುಂಡಿಯ ಸುತ್ತ ಹಸಿರು ಗೋಡೆಯೇ ಎದ್ದಿತು. ಮೈಸೂರಿನ ನರ್ಸರಿಯಿಂದ ಎಲೆಯಂಚಿಗೆ ಬಿಳಿ ಗೆರೆಯಿರುವ ಇನ್ನೊಂದು ಜಾತಿ ತಂದು ಅದರ ಮುಂದೆ ಸಾಲಾಗಿ ಹಚ್ಚಿದೆ. ಮಧ್ಯಾಹ್ನ ಅದರ ನೆರಳಿನಲ್ಲಿ ಚಾಪೆ ಹಾಕಿಕೊಂಡು ಕೂರುತ್ತಿದ್ದೆ. ಗಾಳಿ ಬಂದರೆ ನಮ್ಮ ಕೆರೆಯ ಸದ್ದೇ ಬರುತ್ತಿತ್ತು. ಅಳು ನಿಂತಿತು.

ನನ್ನ ತೋಟವನ್ನು ಇಂಡಿಯಲ್ಲಿ ಯಾರೂ ನೋಡಿರಲಿಲ್ಲ. ಬಂದವರೆಲ್ಲ ಪಡಸಾಲೆಯಲ್ಲಿ ಕೂತು ಚಹಾ ಕುಡಿದು ಹೋಗುತ್ತಿದ್ದರು. ತೋರಿಸಬೇಕೆಂದು ನನಗೂ ಹೊಳೆದಿರಲಿಲ್ಲ.

ಹೀಗಿರುವಾಗ ಚಿಕ್ಕಪ್ಪನ ಮಗಳ ಮದುವೆ ಬಂತು. ಬೇಕರಿ ಮುಚ್ಚಿ ಇಬ್ಬರೂ ಊರಿಗೆ ಹೊರಟೆವು. ಬೀಗದ ಕೈ ಚಾಚಿಗೆ ಕೊಟ್ಟು, "ಹಿತ್ತಲದಾಗ ಗಿಡ ಅದಾವ್ರಿ ಚಾಚಿ, ಒಂಚೂರು ನೋಡ್ಕೊಳ್ರಿ" ಎಂದು ಅವರದೇ ಮಾತಿನಲ್ಲಿ ಹೇಳಿದೆ. "ನೀ ಚಿಂತಿ ಬಿಡವಾ, ನಾ ಇಲ್ಲೇನು" ಅಂದರು.

ಮದುವೆ ಮುಗಿಸಿ ಕೆರೆಯ ಕಡೆ ಹೋದರೆ ಗುರುತೇ ಸಿಗಲಿಲ್ಲ. ಹೂಳೆತ್ತಿ, ಏರಿಗೆ ಉದ್ದಕ್ಕೂ ಕಲ್ಲು ಜೋಡಿಸಿದ್ದರು. ತೂಬಿನ ಹತ್ತಿರ ಒಂದು ಎಳೆ ಹುಲ್ಲೂ ಇರಲಿಲ್ಲ. ಕೆರೆಗೆ ಒಳ್ಳೆಯದೇ ಆಗಿತ್ತು, ನೀರು ತುಂಬಿ ನಿಂತಿತ್ತು, ನಾನು ಬೇಡ ಅನ್ನುವುದಿಲ್ಲ. ಹೇಗೂ ನನ್ನ ಹಿತ್ತಿಲಲ್ಲಿ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ನಮ್ಮವ್ವನ ಕೊಡೆ ಜೊಂಡು ಈಗ ಉಳಿದಿರುವುದು ಇಂಡಿಯಲ್ಲಿ ಮಾತ್ರ ಅಂತ ದಾರಿಯುದ್ದಕ್ಕೂ ಹೆಮ್ಮೆಪಟ್ಟುಕೊಂಡು ಬಂದೆ.

ಮನೆಗೆ ಬಂದು ಹಿತ್ತಿಲ ಬಾಗಿಲು ತೆಗೆದರೆ ಬಯಲು. ಗುಂಡಿಯ ಸುತ್ತ ಮಣ್ಣನ್ನು ಅಗೆದು, ಹೆಂಟೆ ಒಡೆದು, ನುಣ್ಣಗೆ ಮಾಡಿದ್ದರು. ಗುಲಾಬಿಗೂ ಕರಿಬೇವಿಗೂ ದುಂಡಗೆ ಪಾತಿ ಕಟ್ಟಿ ಗೊಬ್ಬರ ಹಾಕಿದ್ದರು. ಮೂಲೆಯಲ್ಲಿ ಬೂದಿಯ ಗುಡ್ಡೆಯಿತ್ತು. ಅಷ್ಟರಲ್ಲಿ ಚಾಚಿ ಚಹಾದ ಕಿಟಲಿ ಹಿಡಿದು ಬಂದರು. ಮುಖದ ತುಂಬ ನಗು.

"ನಿನಗ ಒಲಿ ಮುಂದ ನಿಂದರೂದ ಆಗೈತಿ, ಕಸಾ ತಗ್ಯಾಕ ಎಲ್ಲಿ ಪುರಸತ್ತು? ಹಿತ್ತಲ ತುಂಬ ಜೇಕ ಎದ್ದಿತ್ತು ನೋಡು ಪದ್ಮವ್ವಾ. ನನ ಆಯುಷ್ಯದಾಗ ಅಷ್ಟ ಎತ್ತರದ್ದು ನೋಡಿಲ್ಲ. ಮದಲ ಬ್ಯಾರೆ ಏನರ ಇರಬೇಕಂತ ತಿಳದಿದ್ನಿ. ದಂಟ ಬೆರಳಾಗ ತಿಕ್ಕಿದ್ನಿ, ಮೂರ ಮೂಲಿ ಹತ್ತಿದ್ವು. ಜೇಕನ ಅಂದ್ನಿ. ನಾಕ ಮಂದಿ ಹೆಣಮಕ್ಕಳು ಕೂಡಿ ಬುಡಸಮೇತ ತಗದು ಸುಟ್ಟೀವಿ. ಒಂದ ಬೇರ ಬಿಟ್ಟಿಲ್ಲ."

ಜೇಕು ಎಂದರೆ ನಮ್ಮ ಕಡೆಯೂ ಹೊಲದಲ್ಲಿ ಬರುವ ಕಳೆಯೇ. ಆದರೆ ನಾವು ಅದಕ್ಕೆ ಅಷ್ಟು ತಲೆಕೆಡಿಸಿಕೊಳ್ಳುವುದಿಲ್ಲ, ದನ ಮೇದುಕೊಳ್ಳುತ್ತದೆ ಎಂದು ಬಿಡುತ್ತೇವೆ. ಇಲ್ಲಿ ನಿಂಬೆ ತೋಟ ಇರುವವರಿಗೆ ಜೇಕು ಹುಟ್ಟಾ ವೈರಿ. ನೆಲದೊಳಗೆ ಗಡ್ಡೆಗೆ ಗಡ್ಡೆ ಪೋಣಿಸಿಕೊಂಡು ಹೋಗಿ, ಗಿಡಕ್ಕೆ ಹಾಕಿದ ನೀರು ಗೊಬ್ಬರವನ್ನೆಲ್ಲ ತಿಂದುಹಾಕುತ್ತದೆ. ಯಾರದಾದರೂ ನೆಲದ ಜೇಕು ತೆಗೆದುಕೊಟ್ಟರೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲಿ ಇನ್ನೊಂದಿಲ್ಲ. ಅಷ್ಟು ಪ್ರೀತಿಯಿಂದ, ಬೆನ್ನು ಬಗ್ಗಿಸಿ ನನ್ನ ತೋಟವನ್ನು ಬೂದಿ ಮಾಡಿದ್ದರು. ಚಾಚಿ ತಿಳಿದದ್ದು ಪೂರ್ತಿ ತಪ್ಪೂ ಅಲ್ಲ. ಕೊಡೆ ಜೊಂಡೂ ಜೇಕೂ ಒಂದೇ ಕುಲ, ಎರಡರ ದಂಟಿಗೂ ಮೂರು ಮೂಲೆ. ಆ ನಗುಮುಖ ನೋಡಿ, "ಅಡ್ಡಿಯಿಲ್ರಿ ಚಾಚಿ" ಅಂದೆ. ಚಹಾ ಕುಡಿದೆ. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ.

"ಇನ್ನೊಂದು ಬುಡ ತಂದ್ರಾಯ್ತು ಬಿಡೆ" ಅಂದರು ಯಜಮಾನರು.

"ಎಲ್ಲಿಂದ ತರ್ತೀರಾ? ಕೆರೇಲಿ ಇದ್ರೆ ತಾನೆ" ಅಂದೆ. ಇನ್ನು ಈ ಊರು ಸಾಕು, ವಾಪಸು ಹೋಗೋಣ ಅಂತಲೂ ಅಂದೆ. ಆ ಹೊತ್ತಿಗೆ ಅದು ಬರೀ ಸಿಟ್ಟಿನ ಮಾತಾಗಿರಲಿಲ್ಲ. ನನಗೆ ಈ ಊರಿನಲ್ಲಿ ಕೂರಲು ಇದ್ದ ಒಂದೇ ಜಾಗ ಹೋಗಿತ್ತು.

ಗಾಯಕ್ಕೆ ಉಪ್ಪು ಸವರಲು ಎರಡು ದಿನದ ಮೇಲೆ ಗುರುಬಾಯಿ ಬೇಕರಿಗೆ ಬಂದಳು. ಜೇಕು ಕಿತ್ತ ನಾಲ್ವರಲ್ಲಿ ಒಬ್ಬಳು. ಟೋಸ್ಟು ತಗೊಂಡು, "ಅಕ್ಕಾರ, ನಾಳಿ ನಮ್ಮ ತ್ವಾಟಕ್ಕ ಬರ್ತೀರಲ್ಲ? ನಿಮ್ಮ ಮ್ಯಾಲ ನಮ್ಮ ಮುಯ್ಯಾಳ ಐತಿ" ಅಂದಳು. ಮುಯ್ಯಾಳು ಎಂದರೆ ಕೂಲಿ ಕೊಡದೆ ಆಳಿಗೆ ಆಳು ಕೊಡುವುದು. ಇವತ್ತು ನೀನು ನನ್ನ ಹೊಲದಲ್ಲಿ ದುಡಿದರೆ ನಾಳೆ ನಾನು ನಿನ್ನ ಹೊಲದಲ್ಲಿ ದುಡಿಯಬೇಕು. ನಮ್ಮ ಕಡೆ ಅಜ್ಜಿಯ ಕಾಲದಲ್ಲಿ ಇತ್ತಂತೆ, ನಾನು ನೋಡಿದವಳಲ್ಲ. ಇಲ್ಲಿ ಇನ್ನೂ ಇದೆ. ನಾಲ್ವರು ನನ್ನ ಹಿತ್ತಿಲಲ್ಲಿ ದುಡಿದಿದ್ದರು, ನಾನು ನಾಲ್ವರಿಗೂ ತೀರಿಸಬೇಕಿತ್ತು.

ನನ್ನ ಮೈ ಉರಿದುಹೋಯಿತು. "ನನ್ನ ತೋಟ ಸುಟ್ಟಿದ್ದಕ್ಕೆ ನಾನೇ ಹೋಗಿ ಅವರ ತೋಟ ಕಳೆ ಕೀಳ್ಬೇಕಾ?" ಎಂದು ಮನೆಗೆ ಬಂದು ಪಾತ್ರೆ ಕುಕ್ಕಿದೆ.

ಯಜಮಾನರು ನಗು ತಡೆದುಕೊಂಡು, "ಹೋಗದೆ ಇರೋಕೂ ಆಗಲ್ಲ ಕಣೆ. ಏನು ಅಂತ ಹೇಳ್ತೀಯಾ?" ಅಂದರು. ಅದೂ ನಿಜ. ಹೇಳುವ ಹೊತ್ತಿಗೆ ನಾನು ಬಾಯಿ ಮುಚ್ಚಿಕೊಂಡಿದ್ದೆ. ಯಜಮಾನರ ಮೇಲೆ ಬೇಕರಿ ಬಿಟ್ಟು ಹೋದೆ.

ನಿಂಬೆಯ ಮುಳ್ಳಿನ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಕುರ್ಪಿ ಎನ್ನುವ ಕಳೆ ಕೀಳುವ ಸಣ್ಣ ಸಲಕರಣೆ ಹಿಡಿದು ಸಾಲಾಗಿ ಕಳೆ ತೆಗೆಯಬೇಕು. ನಾನು ಜುಟ್ಟು ಹಿಡಿದು ಎಳೆದೆ, ಹುಲ್ಲು ಕೈಗೆ ಬಂತು, ಗಡ್ಡೆ ಒಳಗೇ ಉಳಿಯಿತು. ಪಕ್ಕದಲ್ಲಿದ್ದ ಚಾಚಿ ನನ್ನ ಕೈ ಮೇಲೆ ಒಂದು ಹಾಕಿದರು. "ಹಂಗ ಜಗ್ಗಬ್ಯಾಡ. ಕುರ್ಪಿ ಓರಿ ಮಾಡಿ ಒಳಗ ಹಾಕು. ಎಳೀ ಹಿಡಕೊಂಡ ಹೋಗು, ಮುಂದಿನ ಗಡ್ಡಿ ಅದಾಗೇ ಸಿಗತೈತಿ" ಎಂದು ತೋರಿಸಿದರು. ನಾನು ಹಾಗೇ ಮಾಡುತ್ತ ಹೋದೆ. ಸ್ವಲ್ಪ ಹೊತ್ತಾದ ಮೇಲೆ ಅವರೇ ಕೇಳಿದರು.

"ಯಾಕವಾ, ಊರಿಂದ ಬಂದಾಗಿಂದ ಮಾರಿ ಸಣ್ಣ ಮಾಡಕೊಂಡೀ? ಅಲ್ಲೇನರ ಆತೇನು?"

ತಡೆಯಲಾಗಲಿಲ್ಲ. "ಅಲ್ಲೇನೂ ಆಗಿಲ್ರಿ. ನೀವು ಕಿತ್ತಿದ್ದು ಕಸ ಅಲ್ರಿ ಚಾಚಿ. ಅದು ನಾನೇ ಬೆಳೆಸಿದ್ದು. ನಮ್ಮೂರ ಕೆರೆಯಿಂದ ರೈಲಿನಾಗ ತಂದು ಬೆಳೆಸಿದ್ದೆ" ಅಂದೆ.

ಗುರುಬಾಯಿ ಮೊದಲು ನಕ್ಕಳು. "ಜೇಕ ಯಾರರ ಬೆಳಸ್ತಾರೇನ್ರಿ ಅಕ್ಕಾರ?" ಉಳಿದವರೂ ನಕ್ಕರು. ಚಾಚಿ ಮಾತ್ರ ನಗಲಿಲ್ಲ. ಕುರ್ಪಿ ಕೆಳಗಿಟ್ಟು ಮಣ್ಣಿನಲ್ಲೇ ಕೂತುಬಿಟ್ಟರು. ಆಮೇಲೆ ಅವರಿಗೆ ಬಂತು ನೋಡಿ ಸಿಟ್ಟು.

"ಅವತ್ತ ಬಾಯಾಗ ಏನ ಇಟಗೊಂಡಿದ್ದಿ? ಚಾ ಕುಡದು ಅಡ್ಡಿಯಿಲ್ಲ ಅಂದೆಲ್ಲ. ನಿಮ್ಮ ಕಡೀ ಮಂದಿದು ಇದ ಆತು, ಹೊಟ್ಟ್ಯಾಗೊಂದು ಬಾಯಾಗೊಂದು. ಚಾಚಿ, ಹಿಂಗ್ಯಾಕ ಮಾಡಿದಿ ಅಂತ ಒಂದ ಮಾತ ಬೈದಿದ್ರ ನನಗ ಇಷ್ಟ ಸಂಕಟ ಆಗ್ತಿದ್ದಿಲ್ಲ."

ನಾನೂ ಬಿಡಲಿಲ್ಲ. "ಕೀಳೂ ಮುಂದ ಒಂದ ಫೋನ್ ಮಾಡಾಕ ನಿಮಗೇನಾಗಿತ್ರಿ? ಗಿಡ ನೋಡ್ಕೊಳ್ರಿ ಅಂದ್ರ ಸುಟ್ಟ ಬೂದಿ ಮಾಡ್ತಾರೇನ್ರಿ?" ಎಂದು ಧ್ವನಿ ಏರಿಸಿದೆ. ಒಂದಕ್ಕೊಂದು ಮಾತು ಬೆಳೆಯಿತು. ನಡುವೆ ಗುರುಬಾಯಿ ಬಾಯಿಗೆ ಸೆರಗು ಹಿಡಿದುಕೊಂಡು ನಗುತ್ತಿರುವುದು ಕಾಣಿಸಿತು. ಏನೆಂದು ಕೇಳಿದರೆ, "ಅಕ್ಕಾರ ಜಗಳ ಮಾಡೂವಾಗ ಬರೊಬ್ಬರಿ ನಮ್ಮಂಗ ಮಾತಾಡ್ತಾರ ನೋಡ್ರಿ" ಅಂದಳು. ಚಾಚಿಗೂ ನಗು ಬಂತು, ನನಗೂ ಬಂತು. ಇಂಡಿಯಲ್ಲಿ ನಾನು ಮಾಡಿದ ಮೊದಲ ಜಗಳ ಅದು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಚಾಚಿ ತಮ್ಮ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಎನ್ನುವ ಕಡಲೆಕಾಯಿ ಚಟ್ನಿಪುಡಿ ಹಾಕಿ ನನ್ನ ಕೈಗೆ ಕೊಟ್ಟು, "ತಂದ ಕೊಡ್ತೇನಿ. ಎಲ್ಲೆ ಇದ್ರೂ ಹುಡಿಕಿ ತಂದ ಕೊಡ್ತೇನಿ" ಅಂದರು.

ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಜೀವಮಾನವೆಲ್ಲ ಜೇಕು ಕಿತ್ತು ಸುಟ್ಟ ಹೆಂಗಸು ಊರೂರಿಗೆ ಫೋನ್ ಮಾಡಿ ಜೇಕು ಕೇಳತೊಡಗಿದರು. ಮುದ್ದೇಬಿಹಾಳದ ಕಡೆ ಕೃಷ್ಣೆಯ ಹಿನ್ನೀರಿನ ದಂಡೆಗೆ ಅವರ ಮಗಳ ಊರು. "ನೀರ ದಂಡಿಗೆ ಎತ್ತರಂದು ಜೇಕ ಐತೇನ ನೋಡು. ಕೀಳಾಕಲ್ಲ, ಹಚ್ಚಾಕ" ಅಂದರೆ ಮಗಳಿಗೆ ಅಮ್ಮನ ತಲೆ ಸರಿಯಿದೆಯೇ ಎಂದು ಗಾಬರಿಯಾಯಿತಂತೆ. ಆದರೂ ಬಸ್ಸಿನಲ್ಲಿ ಒಂದು ಚೀಲ ಕಳಿಸಿದಳು. ತುದಿಯಲ್ಲಿ ಕಂದು ಬಣ್ಣದ ಗೊಂಚಲು ತೂಗುವ ಚೆಂದದ ಗಿಡ. ನಮ್ಮ ಹತ್ತಿರ ಟೋಸ್ಟು ತಗೊಂಡು ಹೋಗುವ ಸಿಂದಗಿಯ ಕಿರಾಣಿ ಅಂಗಡಿಯವರು ತಮ್ಮ ಹೊಲದ ಕಾಲುವೆಯಿಂದ ಇನ್ನೊಂದು ತಂದರು. ಮೊಣಕಾಲುದ್ದದ್ದು, ದಾರದಂಥ ದಂಟು, ತುದಿಗೆ ಸಣ್ಣ ಗುಂಡಿ ಹೊಲಿದ ಹಾಗೆ ಹೂವು. ಎಲ್ಲ ಚೆನ್ನಾಗಿದ್ದವು. ಆದರೆ ಕೊಡೆ ಜೊಂಡು ಮಾತ್ರ ಯಾರಿಗೂ ಸಿಗಲಿಲ್ಲ.

ಅದನ್ನು ತಂದವರು ಯಾರು ಅಂದುಕೊಂಡಿರಿ, ಚಾಚಿಯ ಗಂಡ ದಾವಲಸಾಬ್ ಚಾಚಾ. ಮಾತು ಕಡಿಮೆ, ಮೀಸೆ ದೊಡ್ಡದು, ಊರಿನಲ್ಲಿ ನಿಂಬೆಗೆ ಹೆಸರಾದ ಮನುಷ್ಯ. ಅವರು ಮೊದಲಿಂದಲೂ ಈ ಹುಡುಕಾಟಕ್ಕೆ ವಿರೋಧ. "ನಮ್ಮ ಜಾಗಾದಾಗ ನಾವ ಜೇಕ ಹಚ್ಚೂದು? ಮಂದಿ ಏನಂದಾರು?" ಅನ್ನುತ್ತಿದ್ದರು. ಬಸವನ ಬಾಗೇವಾಡಿಯಲ್ಲಿ ಬಳಗದವರ ಮದುವೆಗೆ ಹೋದಾಗ ಮಂಗಲ ಕಾರ್ಯಾಲಯದ ಅಂಗಳದ ಕಾರಂಜಿ ಹತ್ತಿರ ಅವರ ಕಣ್ಣಿಗೇ ಅದು ಬಿದ್ದಿತು. ಊಟ ಬಿಟ್ಟು ಹೋಗಿ ದಂಟು ತಿಕ್ಕಿ ನೋಡಿದರಂತೆ. ಕಾವಲುಗಾರನನ್ನು ಕೇಳಿದರೆ ಅವನು, "ಇದ ಯಾತಕ್ಕ ಬೇಕ್ರಿ ಸಾಹೇಬ್ರ?" ಅಂದನಂತೆ. ಜೇಕು ಬೇಕು ಎಂದು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ, "ಔಷಧಕ್ಕ" ಎಂದು ಸುಳ್ಳು ಹೇಳಿ ತಂದರು. ಹಸಿ ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಇಂಡಿಯವರು ಯಾರಾದರೂ ಬಸ್ ಹತ್ತಿದರೆ ಮೇಲೆ ತಮ್ಮ ಟೋಪಿ ಮುಚ್ಚುತ್ತ ಬಂದ ಕತೆಯನ್ನು ಚಾಚಿ ಎಲ್ಲರಿಗೂ ಹೇಳುತ್ತಾರೆ.

ಬೇಕರಿಯ ಗಾಜಿನ ಮೇಲೆ ಆ ಟವೆಲ್ ಇಟ್ಟು, "ಇದನ ಹೌದಿಲ್ಲೋ ನೋಡವಾ" ಅಂದರು. ಬಿಚ್ಚಿದೆ. ಅದೇ ನುಣುಪು ದಂಟು, ಅದೇ ಬಿಚ್ಚಿದ ಕೊಡೆ. ನಮ್ಮ ಕೆರೆಯದಲ್ಲ, ನಮ್ಮವ್ವ ಮುಟ್ಟಿದ್ದೂ ಅಲ್ಲ, ನನಗೆ ಗೊತ್ತಿತ್ತು. ಆದರೂ ಕಣ್ಣು ತುಂಬಿತು. ಗಿರಾಕಿಗಳ ಎದುರೇ ಅವರ ಕಾಲಿಗೆ ನಮಸ್ಕಾರ ಮಾಡಿದೆ. ಅವರು ಗಲಿಬಿಲಿಗೊಂಡು ಎರಡು ಹೆಜ್ಜೆ ಹಿಂದೆ ಸರಿದು, "ಒಂದ ಮಾತು ನೆನಪಿಡು, ಗಡ್ಡೀ ಜೇಕ ಮಾತ್ರ ತರಬ್ಯಾಡ. ಇವನ್ನೂ ನೆಲಕ್ಕ ಬಿಡಬ್ಯಾಡ" ಅಂದರು. ಮಾರನೆಯ ದಿನ ತೋಟದಲ್ಲಿ ಬಿದ್ದಿದ್ದ, ಎತ್ತುಗಳು ನೀರು ಕುಡಿಯುತ್ತಿದ್ದ ಕಲ್ಲಿನ ಬಾನಿಯನ್ನು ಆಳು ಹಚ್ಚಿ ನನ್ನ ಹಿತ್ತಿಲಿಗೆ ತರಿಸಿ ಇಡಿಸಿದರು.

ಆ ಬಾನಿಯಲ್ಲೇ ಈಗ ನನ್ನ ತೋಟ. ತಳಕ್ಕೆ ಎರೆಮಣ್ಣು, ಮೇಲೆ ಮರಳು, ಅದರ ಮೇಲೆ ಬಚ್ಚಲ ನೀರು. ಹಿಂದೆ ಬಾಗೇವಾಡಿಯ ಕೊಡೆ, ನಡುವೆ ಮುದ್ದೇಬಿಹಾಳದ ಗೊಂಚಲು, ಅಂಚಿಗೆ ಸಿಂದಗಿಯ ಗುಂಡಿ ಹೂವು. ಕೊಡೆಯನ್ನು ಕತ್ತರಿಸಿ ಬಕೆಟ್ಟಿನಲ್ಲಿ ತಲೆಕೆಳಗಾಗಿ ಇಟ್ಟ ದಿನ ಚಾಚಿ, "ತಲಿ ನೀರಾಗ, ಕಾಲ ಮ್ಯಾಲ, ಇದೆಂಥಾ ಬಿತ್ತನಿ?" ಎಂದು ಆಡಿಕೊಂಡರು. ಆದರೆ ದಿನಾ ಮುಂಜಾನೆ ಬಂದು ಬಕೆಟ್ಟಿನಲ್ಲಿ ಬಗ್ಗಿ ನೋಡುತ್ತಿದ್ದವರೂ ಅವರೇ. ಬಿಳಿ ಬೇರು ಕಂಡ ದಿನ ಗುರುಬಾಯಿಯನ್ನೂ ಉಳಿದ ಹೆಂಗಸರನ್ನೂ ಕರೆದುಕೊಂಡು ಬಂದು ತೋರಿಸಿದರು. ಈಗ ಸಂಜೆಗೆ ಒಬ್ಬರಲ್ಲ ಒಬ್ಬರು ನನ್ನ ಹಿತ್ತಿಲಲ್ಲಿ ಚಹಾಕ್ಕೆ ಇರುತ್ತಾರೆ. ಬಂದವರಿಗೆಲ್ಲ ಚಾಚಿ, "ಇದು ಪದ್ಮವ್ವನ ಊರಿನ ಜೇಕ" ಎಂದು ಪರಿಚಯ ಮಾಡಿಸುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ.

ಎಳ್ಳ ಅಮಾವಾಸ್ಯೆಯ ದಿನ ಇಲ್ಲಿ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಸಜ್ಜೆ ಕಡುಬು, ಪುಂಡಿಪಲ್ಲೆ, ಭಜ್ಜಿ, ರೊಟ್ಟಿ ಎಲ್ಲ ಕಲಸಿ ಬೆಳೆಯ ಸುತ್ತ ಚೆಲ್ಲಿ ಭೂಮಿಗೆ ಉಣಿಸುತ್ತಾರೆ, ಅದಕ್ಕೆ ಚರಗ ಅನ್ನುತ್ತಾರೆ. ಚಾಚಾ ತಮ್ಮ ನಿಂಬೆ ಗಿಡಗಳ ಸುತ್ತ ಚರಗ ಚೆಲ್ಲಿ ಬಂದವರು ಬುಟ್ಟಿಯ ತಳದಲ್ಲಿ ಒಂದು ಹಿಡಿ ಉಳಿಸಿ ನನ್ನ ಕೈಗೆ ಕೊಟ್ಟರು. "ಮನಿಗ್ಹೋಗಿ ಆ ಬಾನಿಗೂ ಚೆಲ್ಲು. ಅವು ಏನ ಪಾಪ ಮಾಡ್ಯಾವ" ಅಂದರು. ಜೇಕಿಗೆ ಚರಗ ಚೆಲ್ಲಿದವಳು ಇಡೀ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಆ ದಿನ ನನಗಾದ ಸಂತೋಷಕ್ಕೆ ಬಾನಿಯ ಫೋಟೋ ತೆಗೆದು ಸ್ಟೇಟಸ್ ಹಾಕಿದೆ. ನಿಮ್ಮಲ್ಲಿ ಎಷ್ಟೋ ಜನ "ಏನಿದು?" ಎಂದು ಕೇಳಿದಿರಿ. "ಜೇಕು" ಎಂದಷ್ಟೇ ಉತ್ತರ ಕೊಟ್ಟೆ.

ನಾಲ್ವರಿಗೂ ದುಡಿದುಕೊಟ್ಟ ಮೇಲೆ ಮುಯ್ಯಾಳು ತೀರಬೇಕಿತ್ತು, ತೀರಲಿಲ್ಲ. ಬೇಕರಿಗೆ ರಜೆ ಇರುವ ದಿನ ಈಗಲೂ ಯಾರದಾದರೂ ತೋಟಕ್ಕೆ ಹೋಗುತ್ತೇನೆ. ಬಾನಿಯಲ್ಲಿ ಸಾಕುವವಳೂ ನಾನೇ, ನಿಂಬೆಯ ಬುಡದಲ್ಲಿ ಕೀಳುವವಳೂ ನಾನೇ. ಕುರ್ಪಿ ಓರೆ ಮಾಡಿ ಎಳೆ ಹಿಡಿದು ಹೋಗುವುದು ಕೈಗೆ ಕೂತುಬಿಟ್ಟಿದೆ.

ಕಳೆದ ತಿಂಗಳು ಊರಿಗೆ ಬಂದಿದ್ದೆನಲ್ಲ, ಆಗ ನಡೆದದ್ದನ್ನು ಹೇಳಿಬಿಡುತ್ತೇನೆ. ತಮ್ಮನ ಮನೆಯಲ್ಲಿ ಬೆಳಿಗ್ಗೆ ಬೇಗ ಎಚ್ಚರವಾಯಿತು. ಹಿತ್ತಿಲಿಗೆ ಹೋದರೆ ಬಟ್ಟೆ ಒಗೆಯುವ ಕಲ್ಲಿನ ಸುತ್ತ ದಟ್ಟವಾಗಿ ಜೇಕು, ಅದೂ ಗಡ್ಡೆ ಜೇಕು. ತಮ್ಮನ ಹೆಂಡತಿ ಶೋಭಾಗೆ ಹಸು, ಡೈರಿ, ಮಕ್ಕಳು. ಪಾಪ, ಅವಳಿಗೆ ಕಳೆ ತೆಗೆಯಲು ಪುರಸೊತ್ತು ಎಲ್ಲಿ ಅನ್ನಿಸಿತು. ಒಂದು ಕುಡುಗೋಲು ಸಿಕ್ಕಿತು. ಸೆರಗು ಸಿಕ್ಕಿಸಿ ಕೂತೆ. ಅವಳು ಕಾಫಿ ಲೋಟ ಹಿಡಿದು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹುಲ್ಲು ಒಂದು ಕಡೆ, ಗಡ್ಡೆ ಒಂದು ಕಡೆ ರಾಶಿ ಮಾಡಿ, ಹೊಗಳಲಿ ಎಂದು ಅವಳ ಮುಖ ನೋಡಿದೆ.

ಶೋಭಾ ನಿಂತಲ್ಲೇ ನಿಂತಳು. "ಅಯ್ಯೋ ಅತ್ಗೆ, ಅದನ್ನ ನಿಮಗೋಸ್ಕರ ಬೆಳೆಸಿದ್ದೆ" ಅಂದಳು. "ನಿಮ್ಮ ಸ್ಟೇಟಸ್ಸಲ್ಲಿ ನೋಡಿದ್ನಲ್ಲ. ನೀವು ಬಂದಾಗ ಇಲ್ಲೂ ನಿಮ್ಮ ಜೇಕು ಇದೆ ಅಂತ ತೋರ್ಸೋಣ ಅಂತ ದಿನಾ ನೀರು ಹಾಕ್ತಿದ್ದೆ."

"ಜೇಕ ಐತಿ, ಬಿಡಬಾರದವಾ" ಎಂದು ನನ್ನ ಬಾಯಿಂದ ತಾನಾಗಿ ಬಂತು. ಅವಳಿಗೆ ಅರ್ಥವೇ ಆಗಲಿಲ್ಲ. ಬಾಯಿಬಿಟ್ಟು ಹೇಳುವ ಪಾಠ ಕಲಿತಿದ್ದೆನಲ್ಲ, ಬಾನಿಯಲ್ಲಿರುವುದೇ ಬೇರೆ, ಇದೇ ಬೇರೆ ಎಂದು ಎಲ್ಲ ಬಿಡಿಸಿ ಹೇಳಿದೆ. ಕೇಳಿಸಿಕೊಂಡ ಅವಳು, "ಇರಲಿ ಬಿಡಿ, ನನಗೆ ಇದೇ ಚೆಂದ ಕಾಣ್ತಿತ್ತು" ಅಂದಳು. ಧ್ವನಿ ಸಣ್ಣದಾಗಿತ್ತು. ನನಗೆ ಚಾಚಿ ಮಣ್ಣಿನಲ್ಲಿ ಕೂತದ್ದು ಕಣ್ಣ ಮುಂದೆ ಬಂತು. ಕೂಡಲೇ ಅವರಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ.

ಚಾಚಿ ಬಿದ್ದು ಬಿದ್ದು ನಕ್ಕರು. ಪಕ್ಕದಲ್ಲಿದ್ದ ಚಾಚಾಗೂ ಹೇಳಿ ಇನ್ನೊಮ್ಮೆ ನಕ್ಕರು. ನಕ್ಕು ಮುಗಿದ ಮೇಲೆ, "ಅದಿರ್ಲಿ, ಗಡ್ಡಿ ಸುಟ್ಟಿಯೋ ಇಲ್ಲೋ? ಹಂಗ ಬಿಟ್ಟರ ಮತ್ತ ಏಳತಾವ ನೋಡು" ಅಂದರು.

"ಹೂನ್ರಿ ಚಾಚಿ, ಸುಟ್ಟೇನಿ" ಅಂದೆ.

ಫೋನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಕೊಂಡಿತ್ತು. ನನ್ನ ಎರಡೂ ಕೈ ಒಗೆಯುವ ಕಲ್ಲಿನ ಬುಡದ ಕೆಸರಿನಲ್ಲಿದ್ದವು. ಶೋಭಾ ಒಂದೊಂದಾಗಿ ಗಡ್ಡೆ ಎತ್ತಿ ಕೊಡುತ್ತಿದ್ದಳು, ನಾನು ನೆಡುತ್ತಿದ್ದೆ.